ನೆಲದೊಳಗಿನ ಪೈಪ್ ಸೋರಿಕೆ: ಫರ್ಸಿ ಎಬ್ಬಿಸಿ ನಾನೇ ಸರಿ ಮಾಡಿದ್ದು

ನೆಲದ ಕೆಳಗೆ ಪೈಪ್ ಸೋರುತ್ತಿದೆ ಅಂತ ಗೊತ್ತಾದ ಕೂಡಲೇ ಹಸಿ ಕಂಡ ಜಾಗ ಒಡೆಸಲು ಹೋಗಬೇಡಿ. ಒಡೆಯೋದು ಸುಲಭ. ಎಲ್ಲಿ ಒಡೆಯಬೇಕು ಅಂತ ತಿಳಿಯೋದೇ ಅರ್ಧ ಕೆಲಸ.

ನಮ್ಮದು ಹುಬ್ಬಳ್ಳಿಯ ಗೋಕುಲ ರೋಡ್ ಕಡೆ ಹಳೇ ಮನೆ. ಕೆಳಗೆ ಎರೆ ಮಣ್ಣು, ಅದರ ಮೇಲೆ ಗರಸು (ಕಲ್ಲು ಬೆರೆತ ಒರಟು ಮಣ್ಣು) ತುಂಬಿ, ನಾಲ್ಕು ಇಂಚು ಕಾಂಕ್ರೀಟ್ ಹಾಸಿ ಶಹಾಬಾದ್ ಫರ್ಸಿ, ಅಂದರೆ ಹಾಸುಗಲ್ಲು ಕೂರಿಸಿದ್ದಾರೆ. ಬಚ್ಚಲಿನಿಂದ ಅಡುಗೆಮನೆಗೆ ಹೋಗುವ ಅರ್ಧ ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಆ ಕಾಂಕ್ರೀಟಿನ ಕೆಳಗೇ ಹಾದಿದೆ. ನಮ್ಮಲ್ಲಿ ನಳಕ್ಕೆ ಮಲಪ್ರಭಾ ನೀರು ಬರೋದು ವಾರಕ್ಕೊಮ್ಮೆ, ಕೆಲವು ಸಲ ಅದೂ ಇಲ್ಲ. ಹಾಗಾಗಿ ಸಂಪಿನ ಲೆಕ್ಕ ಮನೆಯವರಿಗೆಲ್ಲ ಬಾಯಿಪಾಠ. ಆ ಲೆಕ್ಕ ತಪ್ಪತೊಡಗಿತು, ಅಡುಗೆಮನೆಯ ಗೋಡೆ ಬುಡದಲ್ಲಿ ಪ್ಲಾಸ್ಟರ್ ಉಬ್ಬಿತು, ಫರ್ಸಿಯ ಸಂದುಗಳು ಒರೆಸಿದರೂ ಕಪ್ಪಗೇ ಇರುತ್ತಿದ್ದವು.

ಮೊದಲು ಯಾವ ಲೈನ್ ಅಂತ ನೋಡಬೇಕು. ನಮ್ಮ ಕಡೆಯ ಮನೆಗಳಲ್ಲಿ ಸಾಮಾನ್ಯವಾಗಿ ಮೂರು ಇರುತ್ತವೆ: ರಸ್ತೆಯಿಂದ ಸಂಪಿಗೆ ಬರುವ ನಳದ ಲೈನ್, ಸಂಪಿನಿಂದ ಮೇಲಿನ ಟಾಕಿಗೆ ಹೋಗುವ ಮೋಟರ್ ಲೈನ್, ಟಾಕಿಯಿಂದ ಇಳಿಯುವ ಮನೆ ಲೈನ್. ನೀರು ಬಿಟ್ಟ ದಿನ ಮಾತ್ರ ಹಸಿ ಜಾಸ್ತಿಯಾದರೆ ಮೊದಲನೆಯದು. ಮೋಟರ್ ಹಾಕಿದಾಗ ಜಾಸ್ತಿಯಾದರೆ ಎರಡನೆಯದು. ಸ್ನಾನವೋ ಪಾತ್ರೆ ತೊಳೆಯೋದೋ ಆದ ಮೇಲೆ ಹೆಚ್ಚಿದರೆ ಅದು ಕುಡಿಯುವ ನೀರೇ ಅಲ್ಲ, ಹೊರಗೆ ಹೋಗುವ ಕೊಳಚೆ ಪೈಪು. ನಮ್ಮಲ್ಲಿ ಹಗಲು ರಾತ್ರಿ ಒಂದೇ ಥರ ಹಸಿ ಇತ್ತು, ಅಂದರೆ ಮೂರನೆಯದು, ಟಾಕಿಯಿಂದ ಇಳಿಯುವ ಲೈನ್.

ಖಾತ್ರಿ ಮಾಡಿಕೊಳ್ಳಲು ರಾತ್ರಿ ಎಲ್ಲರೂ ಮಲಗಿದ ಮೇಲೆ ಟಾಕಿಗೆ ಕೋಲು ಇಳಿಸಿ ನೀರಿನ ಮಟ್ಟಕ್ಕೆ ಗುರುತು ಹಾಕಿದೆ, ಬೆಳಿಗ್ಗೆ ಯಾರೂ ನಳ ತಿರುವುವ ಮೊದಲೇ ಮತ್ತೆ ಅಳೆದೆ. ಸಾವಿರ ಲೀಟರಿನ ದುಂಡು ಟಾಕಿಯಲ್ಲಿ ಒಂದು ಸೆಂಟಿಮೀಟರ್ ಇಳಿದರೆ ಸುಮಾರು 9 ಲೀಟರ್ ಹೋಗಿದೆ ಅಂತ ಲೆಕ್ಕ. ಮಟ್ಟ ಇಳಿದಿತ್ತು. ಮರುದಿನ ಅಡುಗೆಮನೆಗೆ ಹೋಗುವ ಲೈನಿನ ಗೇಟ್ ವಾಲ್ವ್ ಬಂದ್ ಮಾಡಿ ಅದನ್ನೇ ಮಾಡಿದೆ. ಈ ಸಲ ಮಟ್ಟ ಹೆಚ್ಚುಕಡಿಮೆ ಅಲ್ಲಾಡಲಿಲ್ಲ, ಅಂದರೆ ಸೋರುತ್ತಿದ್ದದ್ದು ಅಡುಗೆಮನೆಗೆ ಹೋಗುವ ಪೈಪೇ. ಇಷ್ಟಕ್ಕೆ ಒಂದು ರೂಪಾಯಿ ಖರ್ಚಿಲ್ಲ ನೋಡಿ.

ಇನ್ನು ಜಾಗ. ಹಸಿ ಗೋಡೆ ತೋರಿಸಿದರೆ ನಮ್ಮ ಓಣಿಯ ಗೌಂಡಿ ನಕ್ಕುಬಿಟ್ಟರು. "ನೀರ ಕಾಣೋದ ಒಂದ ಕಡೆ, ಪೈಪ ಒಡದಿರೋದ ಇನ್ನೊಂದ ಕಡೆ ಇರ್ತೈತ್ರಿ ಸರ." ಅವರ ಮಾತು ನಿಜ. ಕಾಂಕ್ರೀಟಿನ ಕೆಳಗೆ ಗರಸಿನ ಸಂದಿಯಲ್ಲಿ ನೀರು ಇಳಿಜಾರು ಹಿಡಿದು ಹೋಗಿ, ಗೋಡೆ ಅಡ್ಡ ಬಂದಲ್ಲಿ ನಿಂತು ಮೇಲಕ್ಕೆ ಏರುತ್ತದೆ. ಟಾಕಿ ಆರೇಳು ಮೀಟರ್ ಎತ್ತರದಲ್ಲಿದ್ದರೆ ಒತ್ತಡ ಚದರ ಸೆಂಟಿಮೀಟರಿಗೆ ಒಂದು ಕೆಜಿಯೂ ಆಗೋದಿಲ್ಲ, ಹಾಗಾಗಿ ನೆಲಕ್ಕೆ ಕಿವಿ ಇಟ್ಟರೂ ಸದ್ದು ಸಿಗೋದಿಲ್ಲ. ನಾನು ಗಾಳಿ ಬಿಟ್ಟು ನೋಡಿದೆ. ಗೇಟ್ ವಾಲ್ವ್ ಮುಚ್ಚಿ, ಲೈನ್ ಖಾಲಿ ಮಾಡಿ, ಅಡುಗೆಮನೆಯ ನಳ ಬಿಚ್ಚಿ ಅಲ್ಲಿಗೆ ಒಂದು ಎಂಡ್ ಕ್ಯಾಪ್ ಹಾಕಿದೆ. ಆ ಕ್ಯಾಪಿಗೆ ಮೊದಲೇ ಪಂಕ್ಚರ್ ಅಂಗಡಿಯಲ್ಲಿ ತೂತು ಹೊಡೆಸಿ ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕೂರಿಸಿಕೊಂಡು ಬಂದಿದ್ದೆ. ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ಹೊಡೆದಾಗ, ಫರ್ಸಿ ಮೇಲೆ ಬೋರಲು ಹಾಕಿದ ಸ್ಟೀಲ್ ಲೋಟಕ್ಕೆ ಕಿವಿ ಹಚ್ಚಿ ಹುಡುಕಿದರೆ ಬಚ್ಚಲಿನ ಕಡೆ, ಹಸಿ ಗೋಡೆಯಿಂದ ನಾಲ್ಕಡಿ ದೂರ, ಗುಳುಗುಳು ಅಂತ ಸ್ಪಷ್ಟವಾಗಿ ಕೇಳಿಸಿತು. ಈ ಉಪಾಯ ಕಬ್ಬಿಣದ ಪೈಪಿಗೆ ಮಾತ್ರ. ಪಿವಿಸಿಗೆ ಗಾಳಿ ತುಂಬಬೇಡಿ, ಸಿಡಿದರೆ ಚೂರುಗಳು ಮುಖಕ್ಕೇ ಬರುತ್ತವೆ.

ಫರ್ಸಿಯ ಲಾಭ ಏನಂದರೆ ಅದನ್ನು ಪುಡಿ ಮಾಡಬೇಕಿಲ್ಲ. ಸಂದಿನ ಸಿಮೆಂಟನ್ನು ಚಾಣದಿಂದ ಕೆರೆದು, ಹಾರೆ ತೂರಿಸಿ, ಇಬ್ಬರು ಹಿಡಿದರೆ ಇಡಿಯಾಗಿ ಏಳುತ್ತದೆ. ಚಾಕ್‌ಪೀಸಿನಲ್ಲಿ ನಂಬರ್ ಬರೆದು ಹೊರಗೆ ಸಾಲಾಗಿ ಒರಗಿಸಿಟ್ಟೆವು. ಕೆಳಗಿನ ಬೆಡ್ ಕಾಂಕ್ರೀಟಿನಲ್ಲಿ ಸರಳು ಇರಲಿಲ್ಲ, ಚಾಣ ಸುತ್ತಿಗೆಯಿಂದಲೇ ಒಡೆಯಿತು. ಸರಳು ಕಂಡರೆ ಮಾತ್ರ ಕೈ ತಡೆಯಿರಿ, ಅದು ಪ್ಲಿಂತ್ ಬೀಮ್ (ಗೋಡೆ ಹೊರುವ ಬುಡದ ತೊಲೆ) ಇರಬಹುದು, ಅದನ್ನು ಕಡಿಯುವ ಹಾಗಿಲ್ಲ.

ಪೈಪು ಕಂಡಾಗ ತೂತು ಎಲ್ಲಿತ್ತು ಗೊತ್ತಾ? ಎರಡು ಪೈಪು ಜೋಡಿಸುವ ಸಾಕೆಟ್ಟಿಗೆ ತಾಗಿಕೊಂಡೇ, ಥ್ರೆಡ್ (ತಿರುಪಿನ ಗೆರೆ) ಮುಗಿಯುವ ಕಡೆ. ಥ್ರೆಡ್ ಕತ್ತರಿಸುವಾಗ ಮೇಲಿನ ಸತುವಿನ ಲೇಪ ಹೋಗುತ್ತದೆ, ಪೈಪಿನ ದಪ್ಪವೂ ಅಲ್ಲೇ ಕಡಿಮೆ, ತುಕ್ಕು ಹಿಡಿಯೋದು ಅಲ್ಲಿಂದಲೇ. ಮೇಲಾಗಿ ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ನೆಲ ಹೀಗೆ ಏರಿಳಿಯುವಾಗ ಗೋಡೆಯಲ್ಲಿ ಬಿಗಿಯಾಗಿ ಸಿಕ್ಕಿಕೊಂಡ ಪೈಪಿನ ಜಾಯಿಂಟ್ ಮೇಲೆ ಆ ಎಳೆತವೆಲ್ಲ ಬೀಳುತ್ತದೆ. ಉಗುರಿನಿಂದ ಕೆರೆದರೆ ತುಕ್ಕು ಪದರ ಪದರವಾಗಿ ಎದ್ದು ಬಂತು.

ರಬ್ಬರ್ ಸುತ್ತಿ ಕ್ಲಾಂಪ್ ಬಿಗಿದು ಮುಚ್ಚೋಣ ಅಂತ ಮನೆಯಲ್ಲಿ ಒಂದು ಸಲಹೆ ಬಂತು, ಬೇಗ ಮುಗಿಯುತ್ತದೆ ಅಂತ. ನಾನು ಒಪ್ಪಲಿಲ್ಲ. ಒಂದು ಥ್ರೆಡ್ ತಿಂದುಹೋಗಿದ್ದರೆ ಅದೇ ಕಾಲದ ಉಳಿದವೂ ಅದೇ ದಾರಿಯಲ್ಲಿ ಇರುತ್ತವೆ, ಅಲ್ವಾ? ಎರಡೂ ಗೋಡೆಯ ಎಲ್ಬೋವರೆಗೆ (ಪೈಪು ತಿರುಗುವ ಜಾಯಿಂಟ್) ಒಂದಡಿ ಅಗಲ ಕಾಲುವೆ ತೆಗೆದು ಹಳೇ ಪೈಪು ಪೂರ್ತಿ ಕಿತ್ತು ಹಾಕಿದೆ. ಅದರ ಜಾಗಕ್ಕೆ ಮುಕ್ಕಾಲು ಇಂಚಿನ ಸಿಪಿವಿಸಿ, ಅಂದರೆ ಅಂಟಿಸಿ ಜೋಡಿಸುವ ಒಂದು ಥರದ ಪ್ಲಾಸ್ಟಿಕ್ ಪೈಪು. ಅದು 3 ಮೀಟರ್ ಉದ್ದ ಸಿಗುತ್ತದೆ, ನಮಗೆ ಬೇಕಿದ್ದದ್ದು ಎಂಟಡಿ, ಹಾಗಾಗಿ ನೆಲದ ನಡುವೆ ಒಂದೂ ಜಾಯಿಂಟ್ ಇಲ್ಲ. ಅದರ ಮೇಲೆ ಎರಡು ಇಂಚಿನ ಪಿವಿಸಿ ಪೈಪನ್ನು ತೋಳಿನ ಹಾಗೆ ತೊಡಿಸಿದೆ, ನೆಲ ಅಲ್ಲಾಡಿದರೂ ಒಳಗಿನದಕ್ಕೆ ಜಾಗ ಇರುತ್ತದೆ. ಕಬ್ಬಿಣ ಮತ್ತು ಪ್ಲಾಸ್ಟಿಕ್ ಸೇರುವ ಕಡೆ ಹಿತ್ತಾಳೆ ಥ್ರೆಡ್ ಇರುವ ಅಡಾಪ್ಟರನ್ನೇ ಹಾಕಿ. ಬರೀ ಪ್ಲಾಸ್ಟಿಕ್ಕಿನದು ಬಿಗಿಯುವಾಗ ಸೀಳುತ್ತದೆ.

ಸಿಪಿವಿಸಿ ಅಂಟಿಸುವಾಗ ಒಂದು ಹನಿ ನೀರೂ ಇರಬಾರದು. ಹಳೇ ಗೇಟ್ ವಾಲ್ವ್ ಪೂರ್ತಿ ಬಂದ್ ಆಗುವುದಿಲ್ಲ, ಸಣ್ಣಗೆ ಜಿನುಗುತ್ತಲೇ ಇತ್ತು. ಪ್ಲಂಬರುಗಳು ಮಾಡುವ ಹಾಗೆ ಬ್ರೆಡ್ಡಿನ ತಿರುಳು ಉಂಡೆ ಮಾಡಿ ಪೈಪಿನೊಳಗೆ ತುರುಕಿದೆ. ಅಂಟಿಸಿ, ಕಾಲು ಸುತ್ತು ತಿರುವಿ, ಅರ್ಧ ನಿಮಿಷ ಒತ್ತಿ ಹಿಡಿದರೆ ಸಾಕು. ಬ್ರೆಡ್ಡು ಆಮೇಲೆ ನೀರಲ್ಲಿ ಕರಗಿ ಹೋಗುತ್ತದೆ, ಆದರೆ ಮೊದಲ ಸಲ ನೀರು ಬಿಡುವಾಗ ನಳದ ಜಾಲರಿ ಬಿಚ್ಚಿಡಿ.

ಮರುದಿನ ನೀರು ಬಿಟ್ಟು, ಎರಡೂ ಎಲ್ಬೋ ಕೆಳಗೆ ಒಣ ಪೇಪರ್ ಹಾಸಿ ಒಂದು ರಾತ್ರಿ ಬಿಟ್ಟೆ. ಒಂದು ಹನಿ ಬಿದ್ದರೂ ಪೇಪರ್ ಹೇಳಿಬಿಡುತ್ತದೆ. ಮುಚ್ಚುವಾಗ ತೆಗೆದ ಎರೆ ಮಣ್ಣು ವಾಪಸ್ ಹಾಕಲಿಲ್ಲ. ಪೈಪಿನ ಸುತ್ತ ಉಸುಕು, ಮೇಲೆ ಗರಸು ಹಾಕಿ ನೀರು ಚಿಮುಕಿಸಿ ದಮ್ಮಸು ಮಾಡಿ, ನಂತರ ಕಾಂಕ್ರೀಟ್. ಸೋರಿದ ನೀರು ಸಣ್ಣ ಮಣ್ಣನ್ನು ಹೊತ್ತುಕೊಂಡು ಹೋಗಿರುತ್ತದೆ, ಹಾಗಾಗಿ ಅಕ್ಕಪಕ್ಕದ ಫರ್ಸಿಯನ್ನೂ ಸುತ್ತಿಗೆ ಹಿಡಿಯಿಂದ ತಟ್ಟಿ ನೋಡಬೇಕು. ಪೊಳ್ಳು ಸದ್ದು ಬಂದ ಒಂದು ಫರ್ಸಿ ಎಬ್ಬಿಸಿದರೆ ಕೆಳಗೆ ಮುಷ್ಟಿ ಹಿಡಿಸುವಷ್ಟು ಟೊಳ್ಳು ಇತ್ತು.

ಎರಡು ಎಲ್ಬೋ ಮೇಲಿನ ಫರ್ಸಿ ತುಂಡುಗಳನ್ನು ಮಾತ್ರ ಸಿಮೆಂಟ್ ಇಲ್ಲದೆ ಉಸುಕಿನ ಮೇಲೆ ಸುಮ್ನೆ ಕೂರಿಸಿದ್ದೇನೆ, ಮುಂದೆ ನೋಡಬೇಕಾದರೆ ಒಡೆಯೋದು ಬೇಡ ಅಂತ. ಟೈಲ್ಸ್ ನೆಲ ಇದ್ದು, ಅದೇ ಟೈಲ್ಸ್ ಈಗ ಅಂಗಡಿಯಲ್ಲಿ ಸಿಗದಿದ್ದರೆ ನಾನು ಇಷ್ಟೆಲ್ಲ ಮಾಡುತ್ತಿರಲಿಲ್ಲ, ಹಳೇ ಲೈನಿಗೆ ಎಂಡ್ ಪ್ಲಗ್ ಹಾಕಿ ಹೊಸ ಪೈಪನ್ನು ಗೋಡೆ ಮೇಲಿಂದ ಒಯ್ಯುತ್ತಿದ್ದೆ. ಚಂದ ಕಾಣುವುದಿಲ್ಲ, ಆದರೆ ಸೋರಿದರೆ ಕಣ್ಣಿಗೆ ಬೀಳುತ್ತದೆ. ಗೋಡೆಯ ಉಬ್ಬಿದ ಪ್ಲಾಸ್ಟರ್ ಕೆರೆದು ಹಾಗೇ ಬಿಟ್ಟಿದ್ದೇನೆ. ಒಳಗಿನ ಹಸಿ ಆರದೆ ಪೇಂಟ್ ಹಚ್ಚಿದರೆ ಉಪ್ಪು ಒಡೆದು ಮತ್ತೆ ಉದುರುತ್ತದೆ, ಒಂದು ಬೇಸಿಗೆ ಕಳೆಯಲಿ.