ನಿನ್ನೆ ‘ಎಸ್‌ಡಿಬಿ’, ಇಂದು ‘ಎಸ್‌ಡಿಸಿ’: ಲಿನಕ್ಸ್‌ನಲ್ಲಿ ಡಿಸ್ಕಿನ ಹೆಸರು ಬದಲಾಗದಂತೆ ಮಾಡುವುದು ಹೇಗೆ?

ಇಡೀ ರಾತ್ರಿಯ ಯಕ್ಷಗಾನದ ಆಟವನ್ನು ಎರಡು ಕ್ಯಾಮೆರಾದಲ್ಲಿ ಸೆರೆಹಿಡಿದರೆ ನೂರಾರು ಜಿಬಿ ಸುಲಭವಾಗಿ ತುಂಬುತ್ತದೆ. ಕುಂಬಳೆ, ಬದಿಯಡ್ಕದ ಸ್ಟುಡಿಯೊ ಇರಲಿ, ಯಕ್ಷಗಾನ ಸಂಘದ ಕಪಾಟು ಇರಲಿ, ಹಾರ್ಡ್ ಡಿಸ್ಕ್ ಒಂದಕ್ಕೆ ನಿಲ್ಲುವುದಿಲ್ಲ. ಲಿನಕ್ಸ್ ಕೂಡ ಈ ಕಡೆಗೆ ಹೊಸತಲ್ಲ. 2001ರಲ್ಲಿ ಆರಂಭವಾಗಿ 2017ರಲ್ಲಿ ‘ಕೈಟ್’ ಆದ ಕೇರಳದ ಐಟಿ ಅಟ್ ಸ್ಕೂಲ್ ಯೋಜನೆಯಿಂದಾಗಿ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಶಾಲೆಯಲ್ಲೇ ಅದನ್ನು ಕಲಿಯುತ್ತಾರೆ. ತಲೆನೋವು ಶುರುವಾಗುವುದು ಎರಡನೇ ಡಿಸ್ಕ್ ಸಿಕ್ಕಿಸಿದ ಮೇಲೆ.

ಲಿನಕ್ಸ್ ಡಿಸ್ಕುಗಳಿಗೆ ಕೊಡುವ ಎಸ್‌ಡಿಎ, ಎಸ್‌ಡಿಬಿ ಎಂಬುವು ಹೆಸರುಗಳೇ ಅಲ್ಲ, ಸರತಿಯ ಟೋಕನ್‌ಗಳು. ಲಿನಕ್ಸ್‌ನ ತಿರುಳಾದ ಕರ್ನೆಲ್‌ಗೆ ಯಾವ ಡಿಸ್ಕ್ ಮೊದಲು ಕಂಡಿತೋ ಅದಕ್ಕೆ ‘ಎ’. ಯುಎಸ್‌ಬಿ ಡಿಸ್ಕ್ ತಿರುಗಲು ಎರಡು ಸೆಕೆಂಡ್ ತಡ ಮಾಡಿದರೆ, ಪೋರ್ಟ್ ಬದಲಾದರೆ, ಪೆನ್‌ಡ್ರೈವ್ ಮರೆತು ಉಳಿದಿದ್ದರೆ ಸಾಲೇ ಪಲ್ಲಟ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದಾಗಲೆಲ್ಲ ಹೀಗಾಗಬಹುದು. ಟೋಕನ್ ನಂಬಿ ಬ್ಯಾಕಪ್ ಮಾಡಿದರೆ ಫೈಲ್ ತಪ್ಪು ಡಿಸ್ಕಿಗೆ ಹೋಗುತ್ತದೆ. ಫಾರ್ಮ್ಯಾಟ್ ಮಾಡಿದರೆ ಕೇಳುವುದೇ ಬೇಡ.

ಸ್ಥಿರವಾದದ್ದು ಯುಯುಐಡಿ. ಫಾರ್ಮ್ಯಾಟ್ ಮಾಡುವಾಗಲೇ ಪಾರ್ಟಿಷನ್ ಒಳಗೆ ಬರೆಯಲಾಗುವ ಈ ಗುರುತು ಪೋರ್ಟ್ ಬದಲಾದರೂ ಬದಲಾಗದು. (ಕೆಳಗಿನ ಆದೇಶಗಳನ್ನು ಇಂಗ್ಲಿಷಿನ ಸಣ್ಣಕ್ಷರದಲ್ಲಿ ಟೈಪ್ ಮಾಡಿ. ಯುಯುಐಡಿ ಎಂಬ ಪದ ಮಾತ್ರ ದೊಡ್ಡಕ್ಷರದಲ್ಲಿರಲಿ.)

ಮೊದಲು ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಬಿಎಲ್‌ಕೆ -ಎಫ್’ ಕೊಡಿ. ಡಿಸ್ಕ್, ಲೇಬಲ್, ಯುಯುಐಡಿ ಒಂದೇ ಪಟ್ಟಿಯಲ್ಲಿ ಬರುತ್ತವೆ. ಲಿನಕ್ಸ್‌ನ ಫೈಲ್‌ವ್ಯವಸ್ಥೆ ಇಎಕ್ಸ್‌ಟಿ4 ಆದರೆ ಗುರುತು ಅಡ್ಡಗೆರೆ ಸೇರಿ 36 ಅಕ್ಷರ, ವಿಂಡೋಸಿನ ಎನ್‌ಟಿಎಫ್‌ಎಸ್‌ನಲ್ಲಿ 16, ಪೆನ್‌ಡ್ರೈವಿನ ಫ್ಯಾಟ್‌ನಲ್ಲಿ ನಡುವೆ ಅಡ್ಡಗೆರೆ ಇರುವ 8 ಅಂಕೆ. ಕೈಯಿಂದ ನಕಲು ಮಾಡಲು ಹೋಗಬೇಡಿ, ಕಾಪಿ-ಪೇಸ್ಟ್ ಮಾಡಿ.

ಬೇಕಿದ್ದರೆ ಲೇಬಲನ್ನೂ ಇಡಿ: ‘ಸುಡೊ ಇ2ಲೇಬಲ್ /ಡೆವ್/ಎಸ್‌ಡಿಬಿ1 ಯಕ್ಷ’. (‘ಸುಡೊ’ ಎಂದರೆ ಆಡಳಿತಾಧಿಕಾರದಿಂದ ಓಡಿಸು ಎಂದರ್ಥ.) ಅಂದಿನ ಪಟ್ಟಿಯಲ್ಲಿ ಡಿಸ್ಕ್ ಯಾವ ಟೋಕನ್ನಿನಲ್ಲಿದೆಯೋ ಅದನ್ನೇ ಬರೆಯಬೇಕು. ಇಎಕ್ಸ್‌ಟಿ4ರ ಲೇಬಲ್‌ಗೆ 16 ಬೈಟ್ ಮಾತ್ರ ಜಾಗ. ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್ ಬೇಕು. ಒತ್ತು, ದೀರ್ಘ ಎಲ್ಲ ಲೆಕ್ಕಕ್ಕೆ ಬರುವುದರಿಂದ ‘ಯಕ್ಷಗಾನ’ ಎಂದು ಕನ್ನಡದಲ್ಲಿ ಬರೆದರೆ 21 ಬೈಟ್ ಆಗಿ ಹಿಡಿಸುವುದಿಲ್ಲ. ಲೇಬಲ್ ಇಂಗ್ಲಿಷಿನಲ್ಲೇ ಇರಲಿ. ಬರೀ ಕ್ಲಿಕ್ ಮಾಡಿ ಡಿಸ್ಕ್ ತೆರೆಯುವವರಿಗೆ ಇಷ್ಟೇ ಸಾಕು. ಬ್ಯಾಕಪ್ ತಾನಾಗಿ ನಡೆಯಬೇಕಾದವರು ಮುಂದೆ ಓದಿ.

‘ಸುಡೊ ಎಂಕೆಡಿಐಆರ್ -ಪಿ /ಎಂಎನ್‌ಟಿ/ಯಕ್ಷ’ ಎಂದು ಡಿಸ್ಕ್ ಬಂದು ಕೂರುವ ಖಾಲಿ ಫೋಲ್ಡರ್ ಮಾಡಿ. ಆಮೇಲೆ ಯಾವ ಡಿಸ್ಕ್ ಎಲ್ಲಿ ಕೂರಬೇಕೆಂದು ಹೇಳುವ /ಇಟಿಸಿ/ಎಫ್‌ಎಸ್‌ಟ್ಯಾಬ್ ಫೈಲಿನ ಒಂದು ಪ್ರತಿ ತೆಗೆದಿಟ್ಟು, ಮೂಲವನ್ನು ‘ಸುಡೊ ನ್ಯಾನೊ’ ಎಂದು ನ್ಯಾನೊ ಎಂಬ ಪಠ್ಯ ಸಂಪಾದಕದಲ್ಲಿ ತೆರೆದು ಕೊನೆಗೆ ಒಂದೇ ಸಾಲು ಸೇರಿಸಿ:

ಯುಯುಐಡಿ=(ನಿಮ್ಮ ಗುರುತು) /ಎಂಎನ್‌ಟಿ/ಯಕ್ಷ ಇಎಕ್ಸ್‌ಟಿ4 ಡಿಫಾಲ್ಟ್ಸ್,ನೋಫೇಲ್ 0 2

ಅಲ್ಪವಿರಾಮದ ಅಕ್ಕಪಕ್ಕ ಸ್ಪೇಸ್ ಬಿಡಬಾರದು. ಕೊನೆಯ 2 ಫೈಲ್‌ವ್ಯವಸ್ಥೆಯ ತಪಾಸಣೆಯ ಸರದಿ. ಎನ್‌ಟಿಎಫ್‌ಎಸ್ ಡಿಸ್ಕಿಗೆ ಅಲ್ಲಿ 0 ಹಾಕಿ, ಇಎಕ್ಸ್‌ಟಿ4 ಇದ್ದಲ್ಲಿ ಆ ಮಾದರಿಯ ಹೆಸರು ಬರೆಯಿರಿ. ‘ನೋಫೇಲ್’ ಬಿಟ್ಟುಹೋದರೆ ಡಿಸ್ಕ್ ಸಿಕ್ಕಿಸದ ದಿನ ಯಂತ್ರ ಸಾಮಾನ್ಯವಾಗಿ 90 ಸೆಕೆಂಡ್ ಕಾದು, ಕಪ್ಪು ಪರದೆಯ ತುರ್ತು ಸ್ಥಿತಿಗೆ ಬಿದ್ದುಬಿಡುತ್ತದೆ. ಹಾಗಾದರೆ ಕಂಗಾಲಾಗಬೇಡಿ. ಲೈವ್ ಪೆನ್‌ಡ್ರೈವ್‌ನಿಂದ (ಲಿನಕ್ಸನ್ನು ನೇರವಾಗಿ ಓಡಿಸುವ ಪೆನ್‌ಡ್ರೈವ್) ಬೂಟ್ ಮಾಡಿ, ಒಳಗಿನ ಡಿಸ್ಕಿನಲ್ಲಿರುವ ಎಫ್‌ಎಸ್‌ಟ್ಯಾಬ್ ತೆರೆದು, ಸೇರಿಸಿದ ಸಾಲಿನ ಮುಂದೆ # ಹಾಕಿದರೆ ಯಂತ್ರ ಮತ್ತೆ ಏಳುತ್ತದೆ.

ಸೇವ್ ಮಾಡಿದ ಕೂಡಲೇ ರೀಸ್ಟಾರ್ಟ್ ಮಾಡುವ ಆತುರ ಬೇಡ. ‘ಫೈಂಡ್‌ಎಂಎನ್‌ಟಿ --ವೆರಿಫೈ’ ಕೊಟ್ಟರೆ ಕಾಗುಣಿತದ ತಪ್ಪು ಅಲ್ಲೇ ಸಿಗುತ್ತದೆ. ನಂತರ ಹೊಸ ಸಾಲನ್ನು ಓದಿಸಲು ‘ಸುಡೊ ಸಿಸ್ಟಮ್‌ಸಿಟಿಎಲ್ ಡೀಮನ್-ರೀಲೋಡ್’ (daemon-reload), ಡಿಸ್ಕನ್ನು ಫೋಲ್ಡರಿಗೆ ಜೋಡಿಸಲು ‘ಸುಡೊ ಮೌಂಟ್ -ಎ’. ಏನೂ ಹೇಳದೆ ಸುಮ್ಮನೆ ಮರಳಿದರೆ ಸರಿಯಾಯಿತು ಎಂದೇ ಅರ್ಥ. ಹೊಸ ಡಿಸ್ಕಿಗೆ ಫೈಲ್ ಹಾಕಲು ಬಿಡದಿದ್ದರೆ ಅದರ ಒಡೆತನ ರೂಟ್ (ಆಡಳಿತ ಖಾತೆ) ಹೆಸರಿನಲ್ಲಿದೆ. ‘ಸಿಎಚ್‌ಓನ್’ನಿಂದ ನಿಮ್ಮ ಹೆಸರಿಗೆ ಮಾಡಿಸಿ.

ಡಿಸ್ಕನ್ನು ಡಿಡಿ ಅಥವಾ ಕ್ಲೋನೆಜಿಲ್ಲಾದಲ್ಲಿ ಪಡಿಯಚ್ಚು ತೆಗೆದವರು ಗಮನಿಸಬೇಕು: ಯುಯುಐಡಿಯೂ ಹಾಗೆಯೇ ನಕಲಾಗುತ್ತದೆ. ಎರಡನ್ನೂ ಸಿಕ್ಕಿಸಿದರೆ ಯಾವುದು ತೆರೆಯುತ್ತದೋ ಹೇಳಲಾಗದು. ನಕಲನ್ನು ಒಂಟಿಯಾಗಿ ಸಿಕ್ಕಿಸಿ, ಅನ್‌ಮೌಂಟ್ ಮಾಡಿ (ಫೋಲ್ಡರಿನಿಂದ ಕಳಚಿ), ‘ಇ2ಎಫ್‌ಎಸ್‌ಸಿಕೆ -ಎಫ್’ ಓಡಿಸಿದ ಮೇಲೆ ‘ಟ್ಯೂನ್2ಎಫ್‌ಎಸ್ -ಯು ರ‍್ಯಾಂಡಮ್’ ಕೊಟ್ಟು ಹೊಸ ಗುರುತು ಮಾಡಿ. ಇಲ್ಲಿ ‘ಯು’ ದೊಡ್ಡಕ್ಷರ. ಡಿಸ್ಕನ್ನು ಮತ್ತೆ ಫಾರ್ಮ್ಯಾಟ್ ಮಾಡಿದರೂ ಗುರುತು ಹೊಸತಾಗುತ್ತದೆ. ಆಗ ಎಫ್‌ಎಸ್‌ಟ್ಯಾಬ್ ತಿದ್ದಲೇಬೇಕು.

ಇನ್ನು ‘ನೋಫೇಲ್’ ಒಳಗಿರುವ ಒಂದು ಗುಂಡಿ. ಡಿಸ್ಕ್ ಇಲ್ಲದೆಯೂ ಯಂತ್ರ ಏಳುವುದರಿಂದ /ಎಂಎನ್‌ಟಿ/ಯಕ್ಷ ಆಗ ಬರೀ ಖಾಲಿ ಫೋಲ್ಡರ್. ಬ್ಯಾಕಪ್ ಸ್ಕ್ರಿಪ್ಟ್‌ಗೆ ಅದು ಗೊತ್ತಿಲ್ಲ, ವೀಡಿಯೊಗಳನ್ನೆಲ್ಲ ಅದರೊಳಗೇ, ಅಂದರೆ ಕಂಪ್ಯೂಟರಿನ ಒಳಡಿಸ್ಕಿಗೇ, ಸುರಿಯುತ್ತದೆ. ಅದು ತುಂಬಿದರೆ ಲಾಗಿನ್ ಕೂಡ ಕಷ್ಟ. ಡಿಸ್ಕ್ ಕಳಚಿರುವಾಗ ಖಾಲಿ ಫೋಲ್ಡರಿಗೆ ‘ಸುಡೊ ಸಿಎಚ್‌ಎಟಿಟಿಆರ್ +ಐ /ಎಂಎನ್‌ಟಿ/ಯಕ್ಷ’ ಎಂದು ಬೀಗ ಹಾಕಿಬಿಡಿ. ಡಿಸ್ಕ್ ಬಂದು ಕೂತರೆ ಬೀಗ ಅಡ್ಡಬರುವುದಿಲ್ಲ. ಬಾರದಿದ್ದರೆ ಸ್ಕ್ರಿಪ್ಟ್ ಒಂದು ಅಕ್ಷರವನ್ನೂ ಅಲ್ಲಿ ಬರೆಯಲಾರದೆ ದೋಷ ತೋರಿಸಿ ನಿಲ್ಲುತ್ತದೆ.