ಮಧ್ಯಯುಗದ ಕಂಚಿನ ಕೊಪ್ಪರಿಗೆಯ ಚೂರನ್ನು ಗುರುತಿಸುವ ಬಗೆ

ಇಂಗ್ಲೆಂಡಿನ ಉತ್ತ ಹೊಲಗಳಲ್ಲಿ ಲೋಹಶೋಧಕಕ್ಕೆ ಸಿಗುವ ದಪ್ಪ ಕಂಚಿನ ಚೂರುಗಳಲ್ಲಿ ಕೆಲವು ಮಧ್ಯಯುಗದ ಅಡುಗೆ ಪಾತ್ರೆಗಳ ಅವಶೇಷಗಳಾಗಿರುತ್ತವೆ. ಎರಕದ ಪಾತ್ರೆಗಳಲ್ಲಿ ಮುಖ್ಯವಾದವು ಎರಡು: ದುಂಡು ಹೊಟ್ಟೆಯ, ಮೂರು ಕಾಲು ಮತ್ತು ಎರಡು ಕಿವಿಗಳಿರುವ ಕೊಪ್ಪರಿಗೆ ಹಾಗೂ ಮೂರು ಕಾಲಿನ ಮೇಲೆಯೇ ನಿಂತರೂ ಒಂದೇ ಉದ್ದ ಹಿಡಿಕೆಯಿರುವ ಚಿಕ್ಕ ಪಾತ್ರೆ. ಒಡೆದ ಕಂಚನ್ನು ಮತ್ತೆ ಕರಗಿಸುತ್ತಿದ್ದುದರಿಂದ ಇಡೀ ಪಾತ್ರೆಗಿಂತ ಚೂರುಗಳೇ ಹೆಚ್ಚು ಸಿಗುತ್ತವೆ.

ಚೂರನ್ನು ಉಜ್ಜಿ ಹೊಳೆಯಿಸಲು ಹೋಗಬೇಡಿ. ಹೊರಮೈಯ ಮಸಿ ಅದು ಒಲೆಯ ಮೇಲಿತ್ತೆಂಬುದಕ್ಕೆ ಸಾಕ್ಷಿ. ಮಣ್ಣನ್ನು ಮೃದುವಾಗಿ ಬಿಡಿಸಿದರೆ ಸಾಕು.

ಕಾಲು ಸಿಕ್ಕಿದ್ದರೆ ಕೆಲಸ ಹಗುರ. ಅದು ಗಟ್ಟಿಯಾದ ಭಾಗವಾದ್ದರಿಂದ ಉಳಿಯುವ ಸಂಭವವೂ ಹೆಚ್ಚು. ಉದ್ದಕ್ಕೆ ಏಣುಗಳಿದ್ದು, ತುದಿ ಪ್ರಾಣಿಯ ಪಂಜದಂತೆ ಅಗಲವಾಗಿದ್ದರೆ ಅದನ್ನು ಪಾತ್ರೆಯ ಕಾಲೆಂದೇ ಬಗೆಯಬಹುದು. ಬಾಯಂಚಿನ ಚೂರಾದರೆ ಕಾಗದದ ಮೇಲೆ ಬರೆದ ಏಕಕೇಂದ್ರ ವೃತ್ತಗಳ ಮೇಲೆ ಅದನ್ನು ಇಟ್ಟು, ಯಾವ ವೃತ್ತಕ್ಕೆ ಬಾಗು ಹೊಂದುತ್ತದೆಂದು ನೋಡಿ ಬಾಯಿಯ ವ್ಯಾಸವನ್ನು ಅಂದಾಜಿಸಿ. ಚೂರು ತೀರ ಚಿಕ್ಕದಾಗಿದ್ದರೆ ಆ ಅಳತೆಯನ್ನು ನಂಬದಿರುವುದೇ ಲೇಸು.

ಬರಿಯ ಒಡಲಿನ ಚೂರೇ ನಿಜವಾದ ಪರೀಕ್ಷೆ. ಪಾತ್ರೆಯನ್ನು ಮಣ್ಣಿನ ಹೊರ ಅಚ್ಚು ಮತ್ತು ಒಳ ತಿರುಳಿನ ನಡುವೆ ಎರಕ ಹೊಯ್ದು ಮಾಡುತ್ತಿದ್ದರು. ನಡುವಿನ ಅಂತರ ಕೆಡದಂತೆ ಇಟ್ಟ ಸಣ್ಣ ಲೋಹದ ತುಂಡುಗಳು ಗೋಡೆಯಲ್ಲೇ ಸೇರಿಹೋಗಿ, ಬಣ್ಣ ತುಸು ಬೇರೆಯಾದ ಚೌಕಗಳಾಗಿ ಕಾಣಬಹುದು. ಅಚ್ಚಿನ ಎರಡು ಭಾಗಗಳು ಕೂಡಿದಲ್ಲಿ ಹೊರಮೈಯಲ್ಲಿ ಉಬ್ಬಿದ ಗೆರೆ ಉಳಿದಿರುತ್ತದೆ. ತೂತನ್ನು ಸೀಸದಿಂದ ಮುಚ್ಚಿದ ತೇಪೆ ಕಂಡರೆ ಅದನ್ನು ಕೀಳಬೇಡಿ, ಅದು ಪಾತ್ರೆಯ ಬಾಳಿಕೆಯ ಕಥೆಯನ್ನೇ ಹೇಳುತ್ತದೆ.

ಇಲ್ಲಿ ಗಂಟೆಯ ಚೂರೆಂಬ ಗೊಂದಲ ಸಹಜ, ಏಕೆಂದರೆ ಗಂಟೆ ಎರೆಯುವವರೇ ಕೆಲವೆಡೆ ಪಾತ್ರೆಗಳನ್ನೂ ಎರೆಯುತ್ತಿದ್ದರು. ಗಂಟೆಯ ಲೋಹದಲ್ಲಿ ತವರ ಐದರಲ್ಲೊಂದು ಪಾಲಿನಷ್ಟಿರುವುದರಿಂದ ಒಡೆದ ಮುಖ ಬಿಳಿಚಾಗಿರುತ್ತದೆ, ಗೋಡೆಯೂ ಬಾಯಿಯತ್ತ ಬಹಳ ದಪ್ಪವಾಗುತ್ತದೆ. ಅಡುಗೆ ಪಾತ್ರೆಯ ಕಂಚಿನಲ್ಲಿ ಸೀಸ ಹೆಚ್ಚು.

ಕಾಲಮಾನ ಬರೆಯುವಾಗ ಅವಸರ ಬೇಡ. ಇದೇ ಆಕಾರ ಮಧ್ಯಯುಗ ಮುಗಿದ ಬಳಿಕವೂ ಬಹುಕಾಲ ನಡೆದುಬಂದುದರಿಂದ, ಚೂರೊಂದಕ್ಕೆ 13ರಿಂದ 17ನೇ ಶತಮಾನವೆಂಬ ಅಗಲ ವ್ಯಾಪ್ತಿಯೇ ಪ್ರಾಮಾಣಿಕವಾದದ್ದು. ತೂಕ, ದಪ್ಪ, ಎರಡೂ ಮೈಯ ಚಿತ್ರಗಳ ಜೊತೆಗೆ ಸಿಕ್ಕ ಜಾಗದ ಎಂಟಂಕಿಯ ಗ್ರಿಡ್ ಸಂಖ್ಯೆಯನ್ನು, ಅಂದರೆ ನಕ್ಷೆಯಲ್ಲಿ ಆ ಜಾಗವಿರುವ 10 ಮೀಟರ್ ಚೌಕವನ್ನು, ಬರೆದುಕೊಂಡು, ಜನಸಾಮಾನ್ಯರಿಗೆ ಸಿಕ್ಕ ಪ್ರಾಚೀನ ವಸ್ತುಗಳನ್ನು ದಾಖಲಿಸಲು 1997ರಲ್ಲಿ ಆರಂಭವಾದ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್ ಎಂಬ ಯೋಜನೆಯ ಸ್ಥಳೀಯ ಅಧಿಕಾರಿಗೆ ತೋರಿಸಿ.