ಸಾಕ್ಷಿ ಹೇಳಿದ್ದೇನು, ಕಾಗದಕ್ಕೆ ಬಂದದ್ದೇನು

ನನ್ನ ವಕೀಲಿ ಆಫೀಸಿಗೆ ಸೇರುವ ಜೂನಿಯರ್‌ಗಳು ಮೊದಲ ತಿಂಗಳಲ್ಲೇ ಕೇಳುತ್ತಾರೆ: "ಸರ್, ಪಾಟೀ ಸವಾಲು ಯಾವಾಗ ಕೊಡ್ತೀರಿ?" ಅಂದರೆ, ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವ ಕೆಲಸ. ನಾನು ಒಂದು ಉದ್ದನೆಯ ನೋಟ್‌ಬುಕ್ ಕೊಟ್ಟು, ಹಾಳೆಯ ನಡುವೆ ಗೆರೆ ಎಳೆಯಲು ಹೇಳುತ್ತೇನೆ. ಎಡಗಡೆ ಸಾಕ್ಷಿಯ ಬಾಯಿಂದ ಬಂದ ಮಾತು. ಬಲಗಡೆ ನ್ಯಾಯಾಧೀಶರು ಟೈಪಿಸ್ಟ್‌ಗೆ ಹೇಳಿ ಬರೆಸಿದ ಮಾತು. ಮೂರು ತಿಂಗಳು ಇದೇ ಕೆಲಸ. ಕೆಲವರು ಮುಖ ಸಿಂಡರಿಸುತ್ತಾರೆ. ಒಬ್ಬ ಹುಡುಗ ಎರಡನೇ ವಾರಕ್ಕೇ ಬೇರೆ ಆಫೀಸಿಗೆ ಹೋದ.

ನಮ್ಮ ವಿಚಾರಣಾ ನ್ಯಾಯಾಲಯಗಳಲ್ಲಿ ಪ್ರಶ್ನೆ, ಉತ್ತರ ಸಾಮಾನ್ಯವಾಗಿ ಬಿಡಿಬಿಡಿಯಾಗಿ ದಾಖಲಾಗುವುದಿಲ್ಲ. ಎರಡೂ ಸೇರಿ ಸಾಕ್ಷಿಯೇ ಹೇಳಿದ ಹಾಗೆ ಒಂದು ವಾಕ್ಯವಾಗುತ್ತದೆ. ವಕೀಲರು "ನಿಮಗೂ ವಾದಿಗೂ ಹಣದ ವ್ಯವಹಾರ ಇದೆ ಅಲ್ವಾ?" ಎನ್ನುತ್ತಾರೆ. ಸಾಕ್ಷಿ "ಇತ್ತು ಸ್ವಾಮಿ, ಅದೆಲ್ಲ ಯಾವಾಗಲೋ ತೀರಿಹೋಯ್ತು" ಎನ್ನುತ್ತಾನೆ. ಕಾಗದಕ್ಕೆ ಬರುವುದು: "ನನಗೂ ವಾದಿಗೂ ಹಣದ ವ್ಯವಹಾರವಿದೆ ಎಂದರೆ ಸರಿ." ತೀರಿಹೋದದ್ದು ಗಾಳಿಗೆ ಹೋಯಿತು. ಇದರಲ್ಲಿ ಯಾರ ಕುತಂತ್ರವೂ ಇಲ್ಲ. ಬೆಳಗಿನಿಂದ ನೂರು ಕೇಸು ಕರೆದಿರುವ ನ್ಯಾಯಾಧೀಶರಿಗೆ ಒಂದು ಪದ ತಪ್ಪಿಹೋಗುವುದು ಸಹಜ. ಆದರೆ ನಾಳೆ ಅಪೀಲು ಕೇಳುವವರ ಮುಂದೆ ಆ ಕಾಗದ ಮಾತ್ರ ಇರುತ್ತದೆ.

ಕಾನೂನು ವಿದ್ಯಾರ್ಥಿಗಳಿಗೂ ಇದೇ ನೋಟ್‌ಬುಕ್. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳ ಪ್ರಕಾರ ಅವರು ಒಂದು ಸಿವಿಲ್, ಒಂದು ಕ್ರಿಮಿನಲ್ ಕೇಸಿನ ವಿಚಾರಣೆ ನೋಡಿ ಬರೆಯಬೇಕು, ಅದಕ್ಕೆ 30 ಅಂಕ. ಅವರ ಡೈರಿ ತೆಗೆದು ನೋಡಿದರೆ "ಸಾಕ್ಷಿಯ ವಿಚಾರಣೆ ನಡೆಯಿತು, ಪ್ರಕರಣವನ್ನು ಮುಂದೂಡಲಾಯಿತು" ಅಂತ ಇರುತ್ತದೆ. ಇಷ್ಟು ಬರೆಯುವುದಕ್ಕೆ ಕೋರ್ಟಿಗೇ ಬರಬೇಕಾಗಿಲ್ಲ. ನಾನು ಹೇಳುವುದು: ಇಡೀ ಕೇಸು ಬೇಡ, ಒಬ್ಬ ಸಾಕ್ಷಿಯನ್ನು ಹಿಡಿ, ಅವನ ಅರ್ಧ ಗಂಟೆಯ ಮಾತು ಎರಡೂ ಕಡೆ ಬರೆದು ತಾ.

ಶನಿವಾರ ಸಂಜೆ ಆಫೀಸಿನಲ್ಲೇ ಕೋರ್ಟು ಹೂಡುತ್ತೇವೆ. ಯಾವುದೋ ಮುಗಿದುಹೋದ ಕೇಸಿನ ಹೇಳಿಕೆ, ಹೆಸರುಗಳನ್ನು ಬದಲಿಸಿರುತ್ತೇನೆ. ಒಬ್ಬರು ಸಾಕ್ಷಿ, ಒಬ್ಬರು ವಕೀಲರು, ಒಬ್ಬರು ನ್ಯಾಯಾಧೀಶರು. ಎಲ್ಲರಿಗೂ ವಕೀಲರಾಗಲು ಆಸೆ. ಜಾಸ್ತಿ ಕಲಿಯುವವರು ಮಾತ್ರ ನ್ಯಾಯಾಧೀಶರ ಕುರ್ಚಿಯಲ್ಲಿ ಕೂತವರು. ಮೂರು ಸಾಲಿನ ಪ್ರಶ್ನೆ, ಅದರ ಹೊಟ್ಟೆಯೊಳಗೆ ಇನ್ನೆರಡು ಪ್ರಶ್ನೆ, ಸಾಕ್ಷಿಯ "ಹೂಂ" ಯಾವುದಕ್ಕೆ ಅಂತ ಗೊತ್ತಾಗದೆ ಒದ್ದಾಡಿದ ಮೇಲೆ ಅವರೇ ಬಂದು "ಸರ್, ಒಂದು ಪ್ರಶ್ನೆಗೆ ಒಂದೇ ಸಂಗತಿ ಇರಬೇಕು ಅಲ್ವಾ?" ಎನ್ನುತ್ತಾರೆ. ನಾನು ಹತ್ತು ಸಲ ಹೇಳಿದ್ದರೂ ತಲೆಗೆ ಹೋಗಿರಲಿಲ್ಲ.

ಇಷ್ಟಾದ ಮೇಲೆ ನಿಜವಾದ ಸಾಕ್ಷಿ. ಅದಕ್ಕೂ ಮೊದಲು ಕಕ್ಷಿದಾರರಿಗೆ ಹೇಳಿ ಒಪ್ಪಿಸುತ್ತೇನೆ, ಜೂನಿಯರ್ ಹೆಸರು ವಕಾಲತ್ತಿನಲ್ಲಿ ಇರುವಂತೆ ನೋಡಿಕೊಳ್ಳುತ್ತೇನೆ. ಅವರ ಜಮೀನಿನ ಮೇಲೆ ನಮ್ಮ ಹುಡುಗರು ಸೈಕಲ್ ಕಲಿಯುವುದು ಸುಮ್ನೆ ಮಾತಲ್ಲ.

ಒಬ್ಬ ಹುಡುಗಿಗೆ ಮೊದಲ ಪಾಟೀ ಸವಾಲು ಕೊಟ್ಟದ್ದು ಒಂದು ನಿರ್ಬಂಧಕಾಜ್ಞೆ ದಾವೆಯಲ್ಲಿ, ಅಂದರೆ ಜಮೀನಿನ ತಂಟೆಗೆ ಬರದಂತೆ ಎದುರಾಳಿಯನ್ನು ತಡೆಯಿರಿ ಅಂತ ವಾದಿ ಕೇಳುವ ದಾವೆ. ವಾದಿಯ ಸ್ವಾಧೀನದ ಬಗ್ಗೆ ಪಕ್ಕದ ಜಮೀನಿನವನ ಸಾಕ್ಷಿ. ಪ್ರಶ್ನೆಗಳನ್ನು ಚೆನ್ನಾಗಿಯೇ ಬರೆದುಕೊಂಡು ಬಂದಿದ್ದಳು. ನಾಲ್ಕನೇ ಪ್ರಶ್ನೆಗೆ ಆತ ತಾನಾಗಿಯೇ "ನಾನು ಆ ಕಡೆ ಹೋಗಿ ಐದು ವರ್ಷ ಆಯ್ತು" ಅಂದುಬಿಟ್ಟ. ಚಿನ್ನದಂಥ ಮಾತು! ಆ ಕಡೆ ಹೋಗದವನಿಗೆ ಜಮೀನು ಯಾರ ಸ್ವಾಧೀನದಲ್ಲಿದೆ ಅಂತ ಹೇಗೆ ಗೊತ್ತು? ಇವಳ ಕಣ್ಣು ಐದನೇ ಪ್ರಶ್ನೆಯ ಮೇಲಿತ್ತು. ದಾಖಲಾದದ್ದು "ದಾವಾ ಜಮೀನು ನನಗೆ ಗೊತ್ತು ಎಂದರೆ ಸರಿ" ಅಂತ. ಎದ್ದುಬಿಡೋಣ ಅನ್ನಿಸಿತು. ಎದ್ದರೆ ಅವಳು ಅಲ್ಲೇ ಕುಸಿಯುತ್ತಾಳೆ. ಚೀಟಿಯಲ್ಲಿ "ಐದು ವರ್ಷ?" ಅಂತ ಬರೆದು ಮುಂದೆ ತಳ್ಳಿದೆ. ಅವಳು ಓದಿ, ಸಾವರಿಸಿಕೊಂಡು, ಆ ಉತ್ತರವನ್ನು ಪ್ರಶ್ನೋತ್ತರ ರೂಪದಲ್ಲೇ ಬರೆದುಕೊಳ್ಳಬೇಕೆಂದು ಕೋರಿದಳು. ಅದಕ್ಕೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 18ನೇ ಆದೇಶದ 10ನೇ ನಿಯಮದಲ್ಲಿ ಅವಕಾಶವಿದೆ. ನ್ಯಾಯಾಧೀಶರು ಸಾಕ್ಷಿಯನ್ನೇ ಇನ್ನೊಮ್ಮೆ ಕೇಳಿದರು. ಅಷ್ಟರಲ್ಲಿ ಆತ ಎಚ್ಚೆತ್ತಿದ್ದ. "ಎರಡು ವರ್ಷ ಸ್ವಾಮಿ" ಅಂದ.

ಆ ದಿನ ಅವಳಿಗೆ ನಾನು ಬೈಯಲಿಲ್ಲ. ನನ್ನದೇ ಕಥೆ ಹೇಳಿದೆ.

ನಾನು ಹೊಸಬನಾಗಿದ್ದಾಗ ಒಂದು ಹಲ್ಲೆ ಕೇಸು. ಸಾಕ್ಷಿ ಪೊಲೀಸರಿಗೆ ಕೊಟ್ಟ ಹೇಳಿಕೆಯಲ್ಲಿ "ಕತ್ತಲಿತ್ತು, ಯಾರೆಂದು ಗೊತ್ತಾಗಲಿಲ್ಲ" ಅಂತಿತ್ತು. ಕೋರ್ಟಿನಲ್ಲಿ "ಇವನೇ" ಅಂತ ಬೆರಳು ತೋರಿಸಿದ. ನಾನು ಹಳೇ ಹೇಳಿಕೆಯ ಆ ಸಾಲನ್ನು ಓದಿ ಹೇಳಿದೆ, "ಹಾಗೆ ಹೇಳಿಲ್ಲ" ಅಂದ, ಅದೂ ದಾಖಲಾಯಿತು. ಗೆದ್ದೆ ಅಂದುಕೊಂಡೆ. ಆದರೆ ಆ ಸಾಲನ್ನು ಸಾಕ್ಷಿ ನಿಜವಾಗಿಯೂ ಹೇಳಿದ್ದ ಅಂತ ಮುಂದೆ ತನಿಖಾಧಿಕಾರಿಯ ಬಾಯಿಂದ ಬರಿಸಬೇಕು. ಅವರು ಸಾಕ್ಷಿ ಕಟ್ಟೆಗೆ ಬಂದದ್ದು ಎಂಟು ತಿಂಗಳ ನಂತರ. ನನಗೆ ಮರೆತೇ ಹೋಗಿತ್ತು. ವೈರುಧ್ಯ ಸಾಬೀತಾಗಿಲ್ಲ ಅಂತ ತೀರ್ಪಿನಲ್ಲಿ ಒಂದೇ ಸಾಲು ಬಂತು. ಕಕ್ಷಿದಾರನ ಮುಖ ನೋಡಲು ಆಗಲಿಲ್ಲ.

ಅಂದಿನಿಂದ ನಮ್ಮ ಪ್ರತಿ ಕ್ರಿಮಿನಲ್ ಫೈಲಿನ ಒಳರಟ್ಟಿಗೆ ಒಂದು ಹಳದಿ ಹಾಳೆ ಅಂಟಿರುತ್ತದೆ. ಮೇಲೆ "ತನಿಖಾಧಿಕಾರಿಗೆ ಕೇಳಬೇಕಾದ್ದು" ಅಂತ. ಯಾವ ಸಾಕ್ಷಿ ಯಾವ ಸಾಲು ಅಲ್ಲಗಳೆದ ಅನ್ನುವುದನ್ನು ಅದೇ ದಿನ ಸಂಜೆ ಜೂನಿಯರ್ ಬರೆಯಬೇಕು. ಇದರ ಕಾನೂನು ಓದಲು ಸುಪ್ರೀಂ ಕೋರ್ಟಿನ 1959ರ ತಹಸೀಲ್ದಾರ್ ಸಿಂಗ್ ತೀರ್ಪು ಕೊಡುತ್ತೇನೆ. ಸಾಕ್ಷಿಯ ಹಿಂದಿನ ಹೇಳಿಕೆಯನ್ನು ಮುಂದಿಟ್ಟು ಪ್ರಶ್ನಿಸುವ ಬಗ್ಗೆ ಇರುವ, ಹಳೇ ಸಾಕ್ಷ್ಯ ಅಧಿನಿಯಮದ 145ನೇ ಕಲಂ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 148. ಹೊಸ ಕಾನೂನು ಜಾರಿಗೆ ಬಂದ 2024ರ ಜುಲೈ 1ಕ್ಕೆ ಮುಂಚೆಯೇ ವಿಚಾರಣೆ ಶುರುವಾಗಿದ್ದ ಕೇಸುಗಳು ಇನ್ನೂ ಇವೆ, ಹಾಗಾಗಿ ಎರಡೂ ನಂಬರು ಬಾಯಲ್ಲಿರಬೇಕು.

ಈಚೆಗೆ ಬೇರೊಂದು ಥರದ ಜೂನಿಯರ್‌ಗಳೂ ಬರುತ್ತಾರೆ. ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಕೂರಲು ಮೂರು ವರ್ಷದ ವಕೀಲಿಕೆ ಬೇಕು ಅಂತ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ, ಇವರಿಗೆ ಬೇಕಾಗಿರುವುದು ವಕೀಲಿಕೆ ಮಾಡಿದ್ದಾರೆ ಅನ್ನುವ ಪತ್ರಕ್ಕೆ ನನ್ನ ಸಹಿ. ಹೆಸರು ಹಚ್ಚಿ ಮನೆಯಲ್ಲಿ ಓದುತ್ತೇವೆ ಅನ್ನುವವರಿಗೆ ಆಗೋದಿಲ್ಲ ಅಂತ ನೇರವಾಗಿ ಹೇಳುತ್ತೇನೆ. ಬರುತ್ತೇನೆ ಅನ್ನುವವರಿಗೆ ಅದೇ ನೋಟ್‌ಬುಕ್. ನಾಳೆ ಬರೆಸುವ ಕುರ್ಚಿಯಲ್ಲಿ ಕೂರುವವರು ಅವರೇ ತಾನೇ.

ಆ ಹುಡುಗಿ ಈಗಲೂ ನನ್ನ ಜೊತೆ ಇದ್ದಾಳೆ. ಹೋದ ತಿಂಗಳು ಕ್ರಯದ ಕರಾರಿನ ದಾವೆಯೊಂದರಲ್ಲಿ ನಾನೇ ಪಾಟೀ ಸವಾಲು ಮಾಡುತ್ತಿದ್ದೆ. ನಮ್ಮವರು ಇಸಕೊಂಡ ಹಣ ಸಾಲವೋ, ಜಮೀನು ಮಾರುವುದಕ್ಕೆ ಪಡೆದ ಮುಂಗಡವೋ, ಅದೇ ಇಡೀ ಜಗಳ. ನಾನು ಫೈಲಿನಲ್ಲಿ ಮುಂದಿನ ದಾಖಲೆ ಹುಡುಕುತ್ತಿದ್ದಾಗ ಹಿಂದಿನಿಂದ ಗೌನು ಜಗ್ಗಿತು. "ಸರ್, ಅವನು ಕೈಗಡ ಅಂದ. ಮುಂಗಡ ಅಂತ ಟೈಪ್ ಆಗ್ತಿದೆ."